ಮೂರನೆಯ ಕುರ್ಚಿಯ ಮಾತು

"ಗುರುಗಳೇ, 'ಕನ್‌ಕರ್' ಎಂಬ ಇಂಗ್ಲಿಷ್ ಕ್ರಿಯಾಪದದ ಅರ್ಥ ನನಗೆ ಬಾಯಿಪಾಠವಾಗಿದೆ. ಅದನ್ನು ಬಳಸುವುದು ಹೇಗೆ?"

ಕೇಳಿದವನು ಕರಿಬಸಯ್ಯ. ಮಠದಲ್ಲಿದ್ದುಕೊಂಡು ವಕೀಲಿ ಪರೀಕ್ಷೆಗೆ ಓದುತ್ತಿದ್ದ ಶಿಷ್ಯ. ದಿನಕ್ಕೊಂದು ದೊಡ್ಡ ಪದ ಕಲಿತು, ಸಂಜೆಯೊಳಗೆ ಅದನ್ನು ಯಾರ ಮೇಲಾದರೂ ಪ್ರಯೋಗಿಸದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ.

"ಮೊದಲು ಅರ್ಥ ಹೇಳು," ಎಂದರು ಗುರುಗಳು.

"ಒಪ್ಪುವುದು. ಆದರೆ ಬರಿಯ ಒಪ್ಪಿಗೆಯಲ್ಲ. ಇನ್ನೊಬ್ಬರು ಮುಟ್ಟಿದ ತೀರ್ಮಾನವನ್ನು ತಾನೂ ವಿಚಾರ ಮಾಡಿ ಮುಟ್ಟುವುದು. ನ್ಯಾಯಾಲಯದಂಥ ಕಡೆ ಬಳಸುವ ಪದ."

"ಚೆನ್ನಾಗಿ ಕಲಿತಿದ್ದೀಯೆ. ಇಷ್ಟೇ ಚೆನ್ನಾಗಿ ಕಲಿತಿದ್ದ ಇನ್ನೊಬ್ಬನ ಕತೆ ಹೇಳುತ್ತೇನೆ, ಕೇಳು," ಎಂದು ಗುರುಗಳು ಹೇಳತೊಡಗಿದರು.

ಒಂದು ಸಣ್ಣ ಸಂಸ್ಥಾನ. ಅಲ್ಲಿ ಕೊಲೆಯ ಮೊಕದ್ದಮೆಗಳನ್ನು ಮೂವರು ನ್ಯಾಯಾಧೀಶರು ಒಟ್ಟಿಗೆ ಕುಳಿತು ವಿಚಾರಿಸುತ್ತಿದ್ದರು. ಹಿರಿಯರು ಇಂಗ್ಲಿಷಿನಲ್ಲಿ ತೀರ್ಪು ಓದುತ್ತಿದ್ದರು. ಉಳಿದಿಬ್ಬರೂ 'ಕನ್‌ಕರ್' ಎಂದರೆ ಮಾತ್ರ ಅಪರಾಧಿಗೆ ನೇಣು. ಒಬ್ಬರು ಒಪ್ಪದಿದ್ದರೂ ಅವನ ಜೀವ ಉಳಿಯುತ್ತಿತ್ತು.

ಅಲ್ಲಿ ಇನ್ನೊಂದು ಪದ್ಧತಿಯಿತ್ತು. ಮೂವರಲ್ಲಿ ಕಿರಿಯನಾದವನು ಪೀಠದಿಂದ ಇಳಿದು, ಅಪರಾಧಿಯ ಎದುರು ನಿಂತು, ನಡೆದದ್ದನ್ನೆಲ್ಲ ಕನ್ನಡದಲ್ಲಿ ತಿಳಿಸಬೇಕು. ಅಪರಾಧಿ ಏನು ಕೇಳಿದರೂ ಉತ್ತರ ಕೊಡಬೇಕು. ಅವನು ತನ್ನ ಬಾಯಿಂದ 'ತಿಳಿಯಿತು' ಎಂದ ಮೇಲೆಯೇ ತೀರ್ಪಿಗೆ ರುಜು ಬೀಳಬೇಕು. ಸಾಯುವವನಿಗೆ ತಾನೇಕೆ ಸಾಯುತ್ತಿದ್ದೇನೆಂದು ತಿಳಿದಿರಲಿ ಎಂದು ಹಳೆಯ ಅರಸನೊಬ್ಬ ಮಾಡಿದ ಕಟ್ಟಳೆ.

ಆ ಪೀಠದ ಮೂರನೆಯ ಕುರ್ಚಿಗೆ ಹೊಸದಾಗಿ ಒಬ್ಬ ತರುಣ ಬಂದ. ಜಾಣ. ಆದರೆ ಇಂಗ್ಲಿಷ್ ಎಂದರೆ ಅವನಿಗೆ ಒಳಗೊಳಗೇ ನಡುಕ. ಹಿರಿಯರಿಬ್ಬರೂ ಇಂಗ್ಲೆಂಡಿನಲ್ಲಿ ಓದಿ ಬಂದವರು. ಅವರ ನಾಲಿಗೆಯ ಮೇಲೆ ಆ ಪದ ಬೆಣ್ಣೆಯ ಹಾಗೆ ಜಾರುತ್ತಿತ್ತು. ತನ್ನ ಬಾಯಲ್ಲಿ ಅದು ಕಲ್ಲಿನಂತೆ ಉರುಳಿದರೆ ಅವರು ನಕ್ಕಾರು ಎಂದು ಅವನಿಗೆ ಭಯ. ತಲೆಯಾಡಿಸುವುದು ಕೋಲೆಬಸವನಿಗೂ ಬರುತ್ತದೆ. ಇಂಗ್ಲಿಷಿನಲ್ಲಿ ಆಡಿಸುವುದೇ ಕಷ್ಟವೆಂದು ಪಾಪ, ಅವನು ತಿಳಿದಿದ್ದ.

ಅವನ ಪಾಲಿನ ಮೊದಲ ಮೊಕದ್ದಮೆ ಒಬ್ಬ ಬಳೆಗಾರನದು. ಒಂದು ಮನೆಯಲ್ಲಿ ಹೆಂಗಸೊಬ್ಬಳು ಸತ್ತು ಬಿದ್ದಿದ್ದಳು. ಕೈಯಲ್ಲಿ ಹೊಸ ಬಳೆಗಳಿದ್ದವು. ಕೊರಳಲ್ಲಿ ಸರ ಇರಲಿಲ್ಲ. ಆ ದಿನ ಆ ಬೀದಿಯಲ್ಲಿ ಬಳೆ ಮಾರಿದವನು ಇವನೊಬ್ಬನೇ.

ಸಾಕ್ಷಿಗಳು ಬಂದರು, ಹೋದರು. ತರುಣ ನ್ಯಾಯಾಧೀಶ ಕೆನ್ನೆಗೆ ಕೈಯಿಟ್ಟು ಕುಳಿತಿದ್ದ. ನೋಡಿದವರು ಎಷ್ಟು ಗಮನವಿಟ್ಟು ಕೇಳುತ್ತಾನಪ್ಪ ಎಂದುಕೊಂಡರು. ಅವನು ಬಾಯೊಳಗೇ ಆ ಒಂದು ಪದವನ್ನು ಹೊರಳಿಸುತ್ತಿದ್ದ. ಕೊನೆಯ ಅಕ್ಷರವನ್ನು ಎಷ್ಟು ನುಂಗಬೇಕು, ಎಲ್ಲಿ ದನಿ ಏರಿಸಬೇಕು, ಇದೇ ಅವನ ಚಿಂತೆ. ನೆರೆಮನೆಯವಳು ಏನೋ ಹೇಳಿದಳು. ಬಳೆಗಾರ ಕೈಮುಗಿದು ಬಹಳ ಹೊತ್ತು ಏನೋ ಹೇಳಿದ. ಹಿರಿಯರು ತೀರ್ಪು ಓದಿದರು. ಎರಡನೆಯವರು ಆ ಪದ ನುಡಿದರು. ಬಳಿಕ ಇವನೂ ನುಡಿದ. ಒಂದಿಷ್ಟೂ ತೊಡರದೆ ಬಂತು. ಹಿರಿಯರು ಮೆಚ್ಚಿ ನೋಡಿದರು. ಅವನಿಗೆ ಹಬ್ಬವಾಯಿತು.

ಆಮೇಲೆ ಪದ್ಧತಿಯಂತೆ ಕೆಳಗಿಳಿದು ಬಳೆಗಾರನ ಎದುರು ನಿಂತ. ಹಿರಿಯರು ಹೇಳಿದ್ದನ್ನು ಕನ್ನಡದಲ್ಲಿ ಹೇಳಿದ. ಎರಡನೆಯವರು ಒಪ್ಪಿದ್ದನ್ನೂ ಹೇಳಿದ.

"ತಾವೂ ಏನೋ ಒಂದು ಮಾತು ಅಂದ್ರಲ್ಲ ಬುದ್ಧಿ, ಹಂಗಂದ್ರೇನು?" ಎಂದು ಬಳೆಗಾರ ಕೇಳಿದ.

ಅರ್ಥ ತರುಣನಿಗೆ ಬಾಯಿಪಾಠವಾಗಿತ್ತು, ನಿನಗಿರುವ ಹಾಗೆಯೇ. ಹೇಳಲು ಬಾಯಿ ತೆರೆದ. 'ನೀನು ಹೇಳಿದ್ದನ್ನು ನಾನು ಕೇಳಿದೆ. ನಾನೇ ತೂಗಿ ನೋಡಿದೆ. ನೀನು ಸಾಯಬೇಕೆಂದು ನನಗೂ ಅನ್ನಿಸಿತು.' ಆ ಪದಕ್ಕೆ ಕನ್ನಡದಲ್ಲಿ ಇಷ್ಟು ಹೇಳಬೇಕಿತ್ತು. ಬಳೆಗಾರ ಹೇಳಿದ್ದರಲ್ಲಿ ಒಂದು ಮಾತನ್ನಾದರೂ ನೆನೆಯಲು ನೋಡಿದ. ಒಂದೂ ನೆನಪಾಗಲಿಲ್ಲ. ಎದುರಿಗಿದ್ದವನ ಕಣ್ಣು ತನ್ನ ಬಾಯಿಯ ಮೇಲೇ ನೆಟ್ಟಿತ್ತು. ತರುಣನಿಗೆ ಎಂಥ ಹೆದರಿಕೆ ಹಿಡಿಯಿತೆಂದರೆ, ನೇಣು ಯಾರಿಗೆ ಎಂಬುದೇ ಒಂದು ಗಳಿಗೆ ಮರೆತುಹೋಯಿತು.

'ನಾನು ಕೇಳಿಸಿಕೊಳ್ಳಲಿಲ್ಲ' ಎಂದುಬಿಟ್ಟಿದ್ದರೆ ವಿಚಾರಣೆ ಮತ್ತೆ ಮೊದಲಿನಿಂದ ನಡೆಯುತ್ತಿತ್ತು. ಅವನ ಮಾನ ಹೋಗುತ್ತಿತ್ತು. ಕುರ್ಚಿಯೂ ಹೋಗುತ್ತಿತ್ತೇನೋ. ಬೆನ್ನ ಹಿಂದೆ ಹಿರಿಯರಿಬ್ಬರೂ ಕುಳಿತಿದ್ದರು. ಎದುರಿಗೆ ಒಬ್ಬ ಬಳೆಗಾರ. ತರುಣ ಬೆನ್ನ ಹಿಂದಿನವರಿಗೇ ಹೆಚ್ಚು ಹೆದರಿದ.

"ನೀನು ಹೇಳಿದ್ದನ್ನೆಲ್ಲ ನಾನೂ ಕೇಳಿದೆ, ಯೋಚಿಸಿದೆ ಅಂತ ಅರ್ಥ," ಎಂದ.

ಬಳೆಗಾರ ಅವನ ಮುಖವನ್ನು ಬಹಳ ಹೊತ್ತು ನೋಡಿದ. "ತಾವೂ ಕೇಳಿದ್ರಾ? ಹಂಗಾರೆ ತಿಳೀತು ಬುದ್ಧಿ," ಎಂದ. ರುಜು ಬಿತ್ತು. ಅವನನ್ನು ಗಲ್ಲಿಗೆ ಹಾಕಿದರು.

ಸಾಕ್ಷಿಗಳ ಮಾತೆಲ್ಲ ಕಾಗದದಲ್ಲಿ ಇದ್ದೇ ಇತ್ತು. ಬೇಕಾದರೆ ತರಿಸಿ ಓದಬಹುದಿತ್ತು. ಓದುವ ಧೈರ್ಯ ತರುಣನಿಗೆ ಬರಲಿಲ್ಲ. ಬೀದಿಯಲ್ಲಿ "ಬಳೆ ಬೇಕೇ ಬಳೆ" ಎಂಬ ಕೂಗು ಕೇಳಿದರೆ ಸಾಕು, ಎದ್ದು ಬಾಗಿಲು ಹಾಕುತ್ತಿದ್ದ. ಅವನ ಹೆಂಡತಿ ಬಳೆ ತೊಡಬೇಕೆಂದರೆ ತವರಿಗೇ ಹೋಗಬೇಕಾಯಿತು. ಪೀಠದಲ್ಲಿ ಮುಂದೆಯೂ ಆ ಪದವನ್ನು ಎಷ್ಟೋ ಸಲ ನುಡಿದ. ನುಡಿದಾಗಲೆಲ್ಲ ಅಂಗಿ ಬೆವರಿನಿಂದ ಒದ್ದೆಯಾಗುತ್ತಿತ್ತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಕರಿಬಸಯ್ಯನಿಗೆ ಸಿಟ್ಟು ತಡೆಯಲಾಗಲಿಲ್ಲ. "ಎಂಥ ಪಾಪಿ! ನಿರಪರಾಧಿಯ ಪ್ರಾಣ ತೆಗೆದನಲ್ಲ. ನೇಣಿಗೆ ಹಾಕಬೇಕಾಗಿದ್ದದ್ದು ಅವನನ್ನು!" ಎಂದ.

ಪಕ್ಕದಲ್ಲಿ ಕುಳಿತು ಕತೆ ಕೇಳುತ್ತಿದ್ದ ಇನ್ನೊಬ್ಬ ಶಿಷ್ಯ, "ನನ್ನದೂ ಅದೇ ಮಾತು," ಎಂದ.

ಗುರುಗಳು ಇಬ್ಬರನ್ನೂ ನೋಡಿ ಕೇಳಿದರು: "ಬಳೆಗಾರ ನಿರಪರಾಧಿ ಎಂದು ನಾನು ಯಾವಾಗ ಹೇಳಿದೆ?"