ದಪ್ಪ ನಾಯಿಗಳ ಛತ್ರ

ಮೂರು ದಾರಿ ಕೂಡುವ ಜಾಗದಲ್ಲಿ ಚೆನ್ನಾಜಿ ದಾರಿ ತಪ್ಪಿ ನಿಂತಿದ್ದಳು. ಮರದ ಬೇರಿನ ಮೇಲೆ ಕುರುಬನೊಬ್ಬ ಕೂತಿದ್ದ.

"ಅಣ್ಣಾ, ಇಲ್ಲೆಲ್ಲಾದರೂ ನಾಯಿಗಳು ದಪ್ಪಗಿರೋ ಛತ್ರ ಇದೆಯಾ?"

ಕುರುಬ ಅವಳನ್ನು ಮೇಲಿಂದ ಕೆಳಗೆ ನೋಡಿದ.

"ಛತ್ರ ಕೇಳೋರನ್ನ ನೋಡಿದೀನಿ. ನಾಯಿ ಕೇಳ್ಕೊಂಡು ಬಂದವಳು ನೀನೇ ಮೊದಲು. ನಿಂಗೆ ಬೇಕಿರೋದು ಛತ್ರವೋ, ನಾಯಿಯೋ?"

"ಕೆಲಸ," ಎಂದಳು ಚೆನ್ನಾಜಿ. "ನಾನು ಅಡುಗೆಯವಳು."

"ನಾಯಿಗಾ?"

"ಅದನ್ನ ನಮ್ಮ ಗುರುಗಳನ್ನೇ ಕೇಳಬೇಕು. ಹೀಗೆ ಹೇಳಿ ಕಳಿಸಿದ್ದು ಅವರೇ."

ಗುರುವಿನ ಹೆಸರು ಮಾಳಬ್ಬೆ. ಹೊಳೆಯ ದಡದಲ್ಲಿ ಅವಳ ಆಶ್ರಮ. ಆಶ್ರಮವೆಂದರೆ ಒಂದು ದೊಡ್ಡ ಅಡುಗೆಮನೆ, ಸುತ್ತ ಮಲಗಲು ಒಂದಿಷ್ಟು ಜಗಲಿ. ಕಲಿತು ಮುಗಿಸಿದವರನ್ನು ಅವಳು ಅಲ್ಲಿ ಉಳಿಸಿಕೊಳ್ಳುತ್ತಿರಲಿಲ್ಲ.

ಚೆನ್ನಾಜಿ ಕಲಿತು ಮುಗಿಸಿದ್ದಳು. ಅವಳ ಸಾರಿನ ಘಮಕ್ಕೆ ದೋಣಿಯವರು ನಡುಹೊಳೆಯಲ್ಲಿ ಹುಟ್ಟು ನಿಲ್ಲಿಸುತ್ತಿದ್ದರು. ಇದು ಅವಳಿಗೂ ಗೊತ್ತಿತ್ತು. ಗೊತ್ತಿದ್ದದ್ದನ್ನು ಮುಚ್ಚಿಡುವ ಅಭ್ಯಾಸ ಅವಳಿಗಿರಲಿಲ್ಲ.

ಆದರೆ ಕೆಲಸ ಸಿಗಲಿಲ್ಲ.

ಅರಮನೆಗೆ ಅಡುಗೆಯವರು ಬೇಕೆಂದು ಡಂಗುರ ಹೊಡೆಸಿದರು. ಹೋದಳು. ಬಾಗಿಲಿನಿಂದ ಹೊರಟ ಸಾಲು ಪೇಟೆ ದಾಟಿ ಕೆರೆಯ ಏರಿ ಹತ್ತಿತ್ತು. ಅವಳ ಸರದಿ ಬರುವಷ್ಟರಲ್ಲಿ ರುಚಿ ನೋಡುವವನ ನಾಲಿಗೆ ಸತ್ತುಹೋಗಿತ್ತು. ಮಠಕ್ಕೆ ಬೇಕೆಂದು ಡಂಗುರ ಹೊಡೆಸಿದರು. ಅಲ್ಲೂ ಅದೇ ಸಾಲು, ಅವೇ ಮುಖಗಳು. ಜೊತೆಗೆ ನಿಂತು ನಿಂತು ಎಲ್ಲರೂ ನೆಂಟರಂತಾಗಿಬಿಟ್ಟಿದ್ದರು.

ಮಳೆಗಾಲದೊಳಗೆ ಕೆಲಸ ಸಿಗದಿದ್ದರೆ ಅಕ್ಕನ ಮನೆಯೇ ಗತಿ. ಅಲ್ಲಿನ ಭಾವ, ಉಣ್ಣುವವರ ತುತ್ತನ್ನು ಕಣ್ಣಿನಲ್ಲೇ ತೂಗುವ ಮನುಷ್ಯ. ಅವನ ಹಂಗಿನ ಒಲೆ ಊದುವುದನ್ನು ನೆನೆಸಿಕೊಂಡರೇ ಚೆನ್ನಾಜಿಗೆ ಉಸಿರು ಕಟ್ಟುತ್ತಿತ್ತು.

ಸಿಟ್ಟಿನಿಂದ ಗುರುವಿನ ಎದುರು ಬಂದು ಕೂತಿದ್ದಳು.

"ಅವ್ವಾ, ನನ್ನ ಕೈಯಡುಗೇಲಿ ಏನು ಕೊರತೆ?"

"ಏನೂ ಇಲ್ಲ." ಮಾಳಬ್ಬೆ ಅಕ್ಕಿ ಕೇರುತ್ತಿದ್ದಳು.

"ಮತ್ತೆ ಯಾಕೆ ಯಾರೂ ಕರೀತಿಲ್ಲ?"

"ನೀನು ಎಲ್ಲೆಲ್ಲಿಗೆ ಹೋಗಿದ್ದೆ?"

"ಡಂಗುರ ಹೊಡೆದಲ್ಲಿಗೆಲ್ಲ."

"ಡಂಗುರ ಯಾರಿಗೆ ಕೇಳಿಸುತ್ತೆ?"

"ಕಿವಿ ಇದ್ದವರಿಗೆಲ್ಲ."

"ಕಿವಿ ನಿನ್ನೊಬ್ಬಳಿಗೇ ಇದೆ ಅಂದ್ಕೊಂಡಿದ್ಯಾ?"

ಚೆನ್ನಾಜಿ ಮೊರದಿಂದ ಒಂದು ಕಲ್ಲು ಹೆಕ್ಕಿ ಎಸೆದಳು.

ಮಾಳಬ್ಬೆ ಮೊರದ ಹೊಟ್ಟು ಊದಿದಳು. "ನಾಯಿಗಳು ದಪ್ಪಗಿರೋ ಛತ್ರ ಹುಡುಕು. ಹೋಗು."

ಕಥೆಯನ್ನೆಲ್ಲ ಕೇಳಿ ಕುರುಬ ಕೋಲು ನೆಲಕ್ಕೆ ಕುಟ್ಟಿ ನಕ್ಕ.

"ಹಾಗಾದ್ರೆ ಎಡಕ್ಕೆ ಹೋಗು. ಬೆಟ್ಟದ ಬುಡದಲ್ಲಿ ಒಂದು ಛತ್ರ ಇದೆ. ಅಲ್ಲಿಯ ನಾಯಿಗಳು ಕಳ್ಳ ಬಂದ್ರೂ ಏಳಲ್ಲ. ಮಲಗಿದಲ್ಲೇ ಬಾಲ ಅಲ್ಲಾಡಿಸ್ತವೆ, ಅಷ್ಟೆ."

ಚೆನ್ನಾಜಿ ಛತ್ರದ ಮುಂಬಾಗಿಲಿಗೆ ಹೋಗಲಿಲ್ಲ. ಉಂಡ ಎಲೆಗಳನ್ನು ಎಸೆಯುವ ಹಿತ್ತಲಿಗೆ ಹೋದಳು. ಕುರುಬ ಸುಳ್ಳು ಹೇಳಿರಲಿಲ್ಲ. ನಾಯಿಗಳು ದಿಂಬಿನಂತೆ ಬಿದ್ದಿದ್ದವು. ಎಲೆಗಳ ಮೇಲೆ ಪಾಯಸ ಬಡಿಸಿದ ಹಾಗೇ ಇತ್ತು. ತುಪ್ಪದನ್ನ ಅರ್ಧಕ್ಕರ್ಧ ಉಳಿದಿತ್ತು. ಉಪ್ಪಿನಕಾಯಿ ಮಾತ್ರ ಗುರುತಿಲ್ಲದಂತೆ ಖಾಲಿ.

ಅಡುಗೆ ಕೆಟ್ಟಿರಬೇಕು ಎಂದುಕೊಂಡು ಪಂಕ್ತಿಯಲ್ಲಿ ಕೂತು ಉಂಡಳು. ಕೆಟ್ಟಿರಲಿಲ್ಲ. ಅವಳಿಗೆ ಹೊಟ್ಟೆಕಿಚ್ಚಾಗುವಷ್ಟು ಚೆನ್ನಾಗಿತ್ತು.

ಪಕ್ಕದಲ್ಲಿದ್ದ ಯಾತ್ರೆಯ ಮುದುಕಿ ಅರ್ಧ ಎಲೆ ಮಡಚಿ ಏಳುತ್ತಿದ್ದಳು.

"ಯಾಕಜ್ಜಿ, ಬಿಟ್ಟೆ?"

"ಬೆಟ್ಟ ಹತ್ತಬೇಕಲ್ಲ ಮಗಳೇ. ಇಷ್ಟೂ ತಿಂದ್ರೆ ಹೊತ್ಕೊಂಡು ಹೋಗೋಕೆ ನೀನು ಬರ್ತೀಯಾ? ಹಸಿವಾಗೋದು ಮೇಲೆ ಹೋದ್ಮೇಲೆ. ಅಲ್ಲಿ ಗಾಳಿ ಬಿಟ್ರೆ ತಿನ್ನೋಕೆ ಏನೂ ಇಲ್ಲ."

ಚೆನ್ನಾಜಿ ಅರ್ಧ ಕೇಳಿಸಿಕೊಂಡು ಎದ್ದಳು. ನೇರವಾಗಿ ಛತ್ರದ ಯಜಮಾನ ಸಂಗಯ್ಯನ ಮುಂದೆ ಹೋಗಿ ನಿಂತಳು.

"ನಿಮ್ಮ ಅಡುಗೆಯವನಿಗೆ ಉಣ್ಣೋರು ಯಾರು ಅಂತಲೇ ಗೊತ್ತಿಲ್ಲ. ಮಾಡಿದ್ದರಲ್ಲಿ ಅರ್ಧ ನಾಯಿಗೆ ಹೋಗ್ತಿದೆ. ಆ ಜಾಗ ನಂಗೆ ಕೊಡಿ."

"ನಾನೇನಾದ್ರೂ ಡಂಗುರ ಹೊಡೆಸಿದ್ನಾ?"

"ಇಲ್ಲ."

"ಕೆಂಚಣ್ಣ ನಮ್ಮಪ್ಪನ ಕಾಲದಿಂದ ಇಲ್ಲಿದಾನೆ. ಉಂಡಾಯ್ತಲ್ಲ? ನಡಿ."

ಒಳಗೆ ಅಡುಗೆಮನೆಯಲ್ಲಿ ಸೌಟೊಂದು ಬಿದ್ದ ಸದ್ದಾಯಿತು. ಮುದುಕ ಕೆಂಚಣ್ಣ ಎಲ್ಲವನ್ನೂ ಕೇಳಿಸಿಕೊಂಡಿದ್ದ.

ಚೆನ್ನಾಜಿ ಮತ್ತೆ ಹೊಳೆಯ ದಡಕ್ಕೆ ಬಂದಳು.

"ಅವ್ವಾ, ನಾಯಿ ಸಿಕ್ಕವು. ಕೆಲಸ ಸಿಗಲಿಲ್ಲ."

"ಏನಂತ ಕೇಳಿದೆ?"

ಹೇಳಿದಳು. ಮಾಳಬ್ಬೆಯ ಮುಖ ಕಪ್ಪಿಟ್ಟಿತು.

"ಮುದುಕನ ಒಲೆ ಕಿತ್ಕೋ ಅಂತ ನಾನು ಹೇಳಿದ್ನಾ?"

"ಅಲ್ಲಿರೋದು ಒಂದೇ ಒಲೆ, ಅವ್ವಾ."

"ನೀನು ನೋಡಿದ್ದು ಒಂದು." ಮಾಳಬ್ಬೆ ಎದ್ದು ಕೊಡ ಎತ್ತಿಕೊಂಡಳು. "ವಾಪಸು ಹೋಗು. ಆ ನಾಯಿಗಳನ್ನ ಸಣ್ಣ ಮಾಡು."

"ಸಣ್ಣ ಮಾಡೋದಾ?"

"ಹೊಡೆದು ಓಡಿಸಬೇಡ ಮತ್ತೆ. ಅದನ್ನ ಯಾರು ಬೇಕಾದ್ರೂ ಮಾಡ್ತಾರೆ."

ದಾರಿಯುದ್ದಕ್ಕೂ ಚೆನ್ನಾಜಿ ಗೊಣಗಿದಳು. ಛತ್ರ ತಲುಪಿದರೂ ಒಳಗೆ ಹೋಗಲು ಮುಖವಿರಲಿಲ್ಲ. ಯಾತ್ರಿಕರ ಹಿಂದೆ ಸುಮ್ಮನೆ ಬೆಟ್ಟ ಹತ್ತಿದಳು. ಮೇಲಿನ ಮಂಟಪದಲ್ಲಿ ಜನ ಸುಸ್ತಾಗಿ ಒರಗಿದ್ದರು. ಒಬ್ಬ ತಾಯಿ ಸೆರಗಿನ ಗಂಟು ಬಿಚ್ಚಿ, ಕಡೆಯ ಹುರಿಗಡಲೆಗಳನ್ನು ಮಗಳ ಕೈಗೆ ಹಾಕುತ್ತಿದ್ದಳು. ತಾನು ತಿನ್ನಲಿಲ್ಲ.

ಚೆನ್ನಾಜಿಗೆ ಆಗ ಮುದುಕಿಯ ಮಾತಿನ ಉಳಿದರ್ಧ ಕೇಳಿಸಿತು. ಇಳಿದು ಬಂದು ಅಡುಗೆಮನೆಯ ಹಿಂಬಾಗಿಲಲ್ಲಿ ನಿಂತಳು.

"ಕೆಂಚಣ್ಣ, ನಿನ್ನ ಅಡುಗೆ ಉಂಡು ಹೊಟ್ಟೆ ಉರೀತು. ಅದಕ್ಕೇ ಹಾಗೆಲ್ಲ ಮಾತಾಡಿದೆ. ನಿನ್ನ ಜಾಗ ನಂಗೆ ಬೇಡ."

"ಮತ್ತೆ ಇನ್ನೇನು ಬೇಕು? ನನ್ನ ಸೌಟಾ?"

"ಬಡಿಸದೆ ಹಂಡೇಲಿ ಉಳಿದಿರೋ ಅನ್ನ."

"ಅದು ನಾಯಿಗಳ ಪಾಲು."

"ಇವತ್ತೊಂದು ದಿನ ಅವು ಏಕಾದಶಿ ಮಾಡ್ಲಿ."

ಮುದುಕ ನಗಬಾರದೆಂದು ತುಟಿ ಬಿಗಿಹಿಡಿದ. ಆಗಲಿಲ್ಲ. ಹಂಡೆ ಮುಂದಕ್ಕೆ ತಳ್ಳಿದ.

ಹಿತ್ತಲ ಹೊಂಗೆಮರದ ಕೆಳಗೆ ಅವಳು ಕಲ್ಲು ಹೂಡಿ ಒಲೆ ಮಾಡಿದಳು. ಸಾಸಿವೆ, ಕರಿಬೇವು, ಹಸಿಶುಂಠಿಯ ಒಗ್ಗರಣೆ ಕೊಟ್ಟಳು. ಅನ್ನಕ್ಕೆ ಮೊಸರು ಹಾಕಿ ಮಿದ್ದು, ಮುತ್ತುಗದೆಲೆಯಲ್ಲಿ ಇಟ್ಟು ಬಾಳೆನಾರಿನಿಂದ ಬಿಗಿದಳು. ಬೆಟ್ಟಕ್ಕೆ ಹೊರಟವರ ಕೈಗೆ ಒಂದೊಂದು ಬುತ್ತಿ.

"ಈಗ ಬಿಚ್ಚಬೇಡಿ. ಮೇಲೆ ಹೋಗಿ ಬಿಚ್ಚಿ."

ಮರುದಿನವೂ ಕಟ್ಟಿದಳು. ಅದರ ಮರುದಿನವೂ. ಇಳಿದು ಬಂದವರು ಹತ್ತುವವರಿಗೆ ಹೇಳಿದರು. ಬುತ್ತಿ ಸಿಗುತ್ತದೆಂದು ಗೊತ್ತಾದವರು ಎಲೆಗೆ ಬೇಕಾದಷ್ಟೇ ಬಡಿಸಿಕೊಂಡರು. ಕೆಂಚಣ್ಣ ಒಮ್ಮೆ ಬಂದು ಒಂದು ತುತ್ತು ಬಾಯಿಗೆ ಹಾಕಿಕೊಂಡ.

"ಶುಂಠಿ ಇನ್ನೊಂಚೂರು ಇರಬೇಕಿತ್ತು."

"ಸರಿಯಾಗೇ ಇದೆ."

"ಗೊತ್ತು. ಸುಮ್ನೆ ಏನಾದ್ರೂ ಹೇಳ್ಬೇಕು ಅನ್ನಿಸ್ತು."

ಕೊನೆಗೊಂದು ದಿನ ಸಂಗಯ್ಯ ಗಾಬರಿಯಿಂದ ಹಿತ್ತಲಿಗೆ ಬಂದ.

"ಕೆಂಚಣ್ಣಾ, ನಮ್ಮ ನಾಯಿಗಳಿಗೆ ಏನು ರೋಗ? ಸೊಂಟ ಕಾಣ್ತಿದೆ! ನಿನ್ನೆ ಒಂದು ಬೊಗಳಿತು ಬೇರೆ!"

"ರೋಗ ಅಲ್ಲ ಸ್ವಾಮಿ. ಅಗೋ, ಕಾರಣ ಮರದ ಕೆಳಗೆ ಕೂತಿದೆ."

ಹೊಂಗೆಮರದ ಕೆಳಗೆ ಜನ ಸಾಲು ನಿಂತಿದ್ದರು. ಸಾಲಿನ ಈ ತುದಿಯಲ್ಲಿ ಚೆನ್ನಾಜಿ ಕೂತಿದ್ದಳು. ಈ ಸಲ ಸಾಲು ಅವಳ ಮುಂದೆ ಇತ್ತು.

ಸಂಗಯ್ಯ ಸಾಲಿನ ಆ ತುದಿಯವರೆಗೆ ನಡೆದು ಹೋಗಿ ಬಂದ.

"ಏನಮ್ಮಾ, ಈ ಕೆಲಸಕ್ಕೆ ಏನಂತಾರೆ?"

ಅವಳು ತಲೆಯೆತ್ತಿದಳು. "ನೀವೇ ಹೆಸರಿಡಿ. ನಾನು ಬರೋ ತನಕ ಇಂಥ ಕೆಲಸ ಇರಲಿಲ್ಲ."

ಮಳೆ ಬರುವ ಮೊದಲೇ ಹೊಂಗೆಮರದ ಪಕ್ಕ ಮಣ್ಣಿನ ಒಲೆ ಎದ್ದಿತು, ಮೇಲೊಂದು ಮಾಡು ಬಂತು. ಅಕ್ಕನ ಮನೆಗೆ ಚೆನ್ನಾಜಿ ಹೇಳಿಕಳಿಸಿದಳು: ಭಾವನನ್ನು ಕರೆದುಕೊಂಡು ಬಾ, ಇಲ್ಲಿ ಯಾರೂ ತುತ್ತು ತೂಗುವುದಿಲ್ಲ.

ಮಳೆಗಾಲ ಕಳೆದ ಮೇಲೆ ಯಾತ್ರಿಕರ ಗುಂಪಿನಲ್ಲಿ ಮಾಳಬ್ಬೆಯೂ ಬಂದಳು. ಸಾಲಿನ ಕೊನೆಯಲ್ಲಿ ನಿಂತಳು. ಮುಂದೆ ನಿಂತವನೊಬ್ಬ ತಿರುಗಿ ಉಪದೇಶ ಕೊಟ್ಟ.

"ಅಜ್ಜಿ, ಇಲ್ಲಿಯ ಬುತ್ತಿ ತಿನ್ನಲಿಲ್ಲ ಅಂದ್ರೆ ಬೆಟ್ಟ ಹತ್ತಿದ್ದೇ ದಂಡ."

"ಹೌದಾ? ಯಾರು ಕಟ್ಟೋದು?"

"ಚೆನ್ನಾಜಿ! ಗೊತ್ತಿಲ್ವಾ?"

"ಯಾರು? ಇನ್ನೊಂದ್ಸಲ ಹೇಳಪ್ಪ. ನಂಗೆ ಕಿವಿ ಮಂದ."

ಅವನು ಜೋರಾಗಿ ಹೇಳಿದ. ಹೊಳೆಯ ಆಚೆ ದಡದಲ್ಲಿ ಸಾಸಿವೆ ಸಿಡಿದರೂ ಕೇಳಿಸುವ ಕಿವಿ ಮಾಳಬ್ಬೆಯದು.

ಚೆನ್ನಾಜಿ ಗುರುವನ್ನು ಕಂಡು ಎದ್ದು ನಿಂತಳು. ಮಾಳಬ್ಬೆ ಶಿಷ್ಯರಿಂದ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಅವರಿಗಿದ್ದ ಋಣ ಒಂದೇ: ಸ್ವಂತ ಒಲೆಯಾದ ಮೇಲೆ ಅವಳಿಗೊಂದು ಊಟ. ಚೆನ್ನಾಜಿ ಬುತ್ತಿಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ತಲೆ ಮಾತ್ರ ಬಾಗಲಿಲ್ಲ.

ಮಾಳಬ್ಬೆ ಅಲ್ಲೇ ಕೂತು ಎಲೆ ಬಿಚ್ಚಿದಳು. ನಿಧಾನವಾಗಿ ತಿಂದಳು. ಒಂದು ಅಗುಳೂ ಉಳಿಸಲಿಲ್ಲ. ಚೆನ್ನಾಗಿದೆ ಎನ್ನಲಿಲ್ಲ. ಅದು ಅವಳು ಯಾರಿಗೂ ಅಂದ ಮಾತಲ್ಲ.

"ಅವ್ವಾ, ಋಣ ತೀರಿತಾ?"

ಮಾಳಬ್ಬೆ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಮತ್ತೆ ಕೈ ಚಾಚಿದಳು.

"ಋಣದ್ದು ತಿಂದಾಯ್ತು. ಈಗ ಹಸಿವಿನದ್ದೊಂದು ಕಟ್ಟು."