ಕಿವಿಮೆತ್ತೆಯ ಅಳತೆ

ದಾವಣಗೆರೆಯ ಒಂದು ಗೇಮ್ ಪಾರ್ಲರಿನಲ್ಲಿ ನೀಲಾಂಬಿಕೆ ಎಂಬುವಳು ರಿಪೇರಿ ಕೆಲಸಕ್ಕಿದ್ದಳು. ಮನೆಯಲ್ಲಿ ಮೂರು ಹೊಟ್ಟೆಗಳು ಆ ಕೆಲಸವನ್ನೇ ನಂಬಿದ್ದವು. ಯಜಮಾನ ರುದ್ರಮುನಿಯ ವೈರ್‌ಲೆಸ್ ಹೆಡ್‌ಸೆಟ್ಟಿನ ಕಿವಿಮೆತ್ತೆ ಹರಿದಿತ್ತು. ಅವಳು ಹೊಸದು ಹಾಕಿದಷ್ಟೂ ಅವನು ಕಿತ್ತೆಸೆಯುತ್ತಿದ್ದ. ರೆಕ್ಸಿನ್ನಿನದು ಬೆವರಿಳಿಸುತ್ತದೆ, ಬಟ್ಟೆಯದು ಚುಚ್ಚುತ್ತದೆ, ಮಖಮಲ್ಲಿನದೂ ಒತ್ತುತ್ತದೆ. ಹೀಗೆ ಆರು ಜೋಡಿ ಹೋದವು.

“ನಾಳೆಯೂ ಕಿವಿ ನೊಂದ್ರೆ ನೀನು ಮನೆಗೆ ನಡಿ,” ಎಂದ.

ನೋವು ಮೆತ್ತೆಯದಲ್ಲ ಎಂದು ಅವಳಿಗೆ ಗೊತ್ತಿತ್ತು. ಅವನ ಕನ್ನಡಕದ ದಪ್ಪ ಕಡ್ಡಿ ಮೆತ್ತೆಯಡಿ ಸಿಕ್ಕಿ ಕಿವಿಯನ್ನು ಒತ್ತುತ್ತಿತ್ತು. ಆದರೆ ಅದು ಮಾವ ಕೊಟ್ಟ ಚಿನ್ನದ ಬಣ್ಣದ ಕನ್ನಡಕ. ಅದನ್ನು ದೂರಿದ ಯಾರೂ ಆ ಪಾರ್ಲರಿನಲ್ಲಿ ಉಳಿದಿರಲಿಲ್ಲ.

ಮರುದಿನ ಅವಳು ಟೇಪು ಹಿಡಿದು ಬಂದಳು.

“ಯಜಮಾನ್ರೇ, ದೊಡ್ಡೋರ ಕಿವಿಗೆ ಅಳತೆ ತಗೊಂಡೇ ಮೆತ್ತೆ ಹಾಕ್ಬೇಕು. ಕನ್ನಡಕ ತೆಗೀರಿ.”

ಅವನು ಉಬ್ಬಿಹೋಗಿ ತೆಗೆದ. ಅವಳು ಅಳೆದು, ಮೆತ್ತೆ ಕೂರಿಸಿ, ಹೆಡ್‌ಸೆಟ್ ತೊಡಿಸಿದಳು.

“ಆಡೋವಾಗ ಕನ್ನಡಕ ಹಾಕ್ಬೇಡಿ, ಅಳತೆ ಕೆಡ್ತದೆ.”

ಅರ್ಧ ಗಂಟೆಯಾದರೂ ಅವನು ಹೆಡ್‌ಸೆಟ್ ಕೀಳಲಿಲ್ಲ. “ಬೆಣ್ಣೆ ಕಣವ್ವಾ! ಇದನ್ನ ಮೊದಲೇ ತರೋಕೇನಾಗಿತ್ತು ನಿಂಗೆ?”

ಅದು ಅವನು ಮೊದಲ ದಿನ ಎಸೆದಿದ್ದ ಜೋಡಿಯೇ. ನೀಲಾಂಬಿಕೆ ಟೇಪು ಸುತ್ತಿಟ್ಟಳು. ಮನೆಗೆ ಹೋಗಿ, ಆ ವಾರದಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡಳು.

ಬೆಳಿಗ್ಗೆ ಬಂದು ನೋಡಿದರೆ ಯಜಮಾನ ಪರದೆಗೆ ಮೂಗು ತಾಗಿಸಿ ಕೂತಿದ್ದಾನೆ.

“ನೀಲವ್ವ, ಕಿವಿ ಸರಿಹೋಯ್ತು. ಆದ್ರೆ ಈ ಪರದೆ ಯಾಕೋ ಮಂಜು ಮಂಜು. ಸಂಜೆಯೊಳಗೆ ಸರಿ ಮಾಡು. ಇಲ್ದಿದ್ರೆ ಮನೆಗೆ ನಡಿ.”