ಕೂದಲೆಳೆಯ ಕಾಲುವೆ

ಅದು ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದ ಎರಡನೆಯ ಶನಿವಾರ, ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ, ಕಾನ್ವೆಂಟಿನ ಪ್ರಯೋಗಾಲಯದಲ್ಲಿ.

"ಎಷ್ಟು ಒತ್ತಾಯಿಸಿ ಕೇಳಿದರೂ ಉತ್ತರ ಬರದಿದ್ದರೆ, ಸಿಸ್ಟರ್, ಒಳಗೆ ಏನೂ ಇಲ್ಲವೆಂದೇ ಅರ್ಥವಲ್ಲವೇ?" ಎಂದು ರುಫೀನಾ ಕೇಳಿದಳು.

ಅವಳ ಕೈಯಲ್ಲಿ ಆರು ತಿಂಗಳ ದುಡಿಮೆಯಿತ್ತು: ಅಂಚೆಚೀಟಿಯಷ್ಟು ಗಾಜಿನ ಫಲಕ, ಅದರೊಳಗೆ ಕೂದಲೆಳೆಯಷ್ಟು ಕಾಲುವೆ. ಹಸುಳೆಗಳಿಗೆ ಔಷಧವನ್ನು ಹನಿಹನಿಯಾಗಿ ಅಳೆದು ಕೊಡಬೇಕಾದ ಕಾಲುವೆ ಅದು. ನಡುವೆ ಒಂದು ಬಿಸಿತಂತಿ. ದ್ರವ ಹರಿದಂತೆ ಕಾವು ಮುಂದಕ್ಕೆ ಸರಿಯುತ್ತದೆ, ಅದರಿಂದ ಹರಿವಿನ ವೇಗ ತಿಳಿಯುತ್ತದೆ. ಅಳತೆ ಕ್ಷೀಣವಾಗಿ ಕಂಡಿತೆಂದು ಅವಳು ದಿನದಿನಕ್ಕೂ ತಂತಿಯ ಕಾವು ಹೆಚ್ಚಿಸಿದ್ದಳು. ಈಗ ಅಳತೆ ಸೊನ್ನೆ. ಕಾಲುವೆಯೇ ಕೆಟ್ಟಿದೆಯೆಂದು ಫಲಕವನ್ನು ಎಸೆಯಲು ಹೊರಟಿದ್ದಳು.

"ಕುಳಿತುಕೋ. ಕಸದ ಡಬ್ಬಿ ಎಲ್ಲಿಗೂ ಹೋಗುವುದಿಲ್ಲ," ಎಂದು ಸಿಸ್ಟರ್ ಎಮಿಲಿಯಾನಾ ಒಂದು ಕಥೆ ಹೇಳತೊಡಗಿದರು.

"ಇಕ್ಕಟ್ಟಾದ ಓಣಿಯೊಂದರಲ್ಲಿ ಒಬ್ಬ ವರ್ತಕನು ಬಳೆ ಮಾರುತ್ತಿದ್ದನು. ದಿನಕ್ಕೆ ಎಷ್ಟು ಹೆಂಗಸರು ಬರುತ್ತಾರೆಂದು ಎಣಿಸಲು ಓಣಿಯ ಬಾಯಲ್ಲಿ ಒಬ್ಬನನ್ನು ನಿಲ್ಲಿಸಿದನು. ಅವನು ಪ್ರತಿಯೊಬ್ಬಳನ್ನೂ ತಡೆದು, 'ಯಾರ ಮನೆಯವರು? ಕೊಳ್ಳುವುದಕ್ಕೋ, ಬರೀ ನೋಡುವುದಕ್ಕೋ?' ಎಂದು ವಿಚಾರಿಸಿದನು. ಮರುದಿನ ಎಣಿಕೆ ಇಳಿಯಿತು. ಯಾರೋ ಕಣ್ತಪ್ಪಿಸಿ ನುಸುಳುತ್ತಿರಬೇಕೆಂದು ವರ್ತಕನು ಅವನಿಗೆ ಬೆಂಚು ಹಾಕಿಸಿದನು, ಕೈಗೊಂದು ಕೋಲು ಕೊಟ್ಟನು. ವಾರ ಕಳೆಯುವುದರೊಳಗೆ ಎಣಿಕೆ ಸೊನ್ನೆಯಾಯಿತು. ವರ್ತಕನು ಬಳೆಗಳನ್ನು ಹುಲ್ಲಿನಲ್ಲಿ ಸುತ್ತಿ ಕಟ್ಟತೊಡಗಿದನು.

ಆಗ ಒಬ್ಬ ಮುದುಕಿ ಹಿತ್ತಲ ಗೋಡೆ ಹತ್ತಿ ಇಳಿದು ಬಂದಳು.

'ಅಂಗಡಿ ಎತ್ತುತ್ತಿದ್ದೀಯೇನಪ್ಪಾ?'

'ಯಾರೂ ಬರುತ್ತಿಲ್ಲವಲ್ಲ ಅಜ್ಜಿ. ಎಣಿಸುವವನೇ ಹೇಳಿದ.'

'ಬರುವುದು ಹೇಗೆ? ಓಣಿಯಲ್ಲಿರುವುದು ಇಬ್ಬರ ಜಾಗ. ಒಂದರಲ್ಲಿ ಅವನಿದ್ದಾನೆ, ಇನ್ನೊಂದರಲ್ಲಿ ಅವನ ಬೆಂಚು. ಮೊಮ್ಮಗಳಿಗೆ ಎರಡು ಡಜನ್ ಬಳೆ ಕೊಳ್ಳಲು ಈ ಸೊಂಟ ಗೋಡೆ ಹತ್ತಬೇಕಾಯಿತು.'"

ರುಫೀನಾಳಿಗೆ ನಗು ತಡೆಯಲಾಗಲಿಲ್ಲ. "ಅವನನ್ನು ಕೆಲಸದಿಂದ ಬಿಡಿಸಿದನೇ, ಸಿಸ್ಟರ್?"

"ಇಲ್ಲ. ಎಣಿಕೆ ಬೇಕೇ ಬೇಕು. ಎದುರು ಮಹಡಿಯ ಕಿಟಕಿಯಲ್ಲಿ, ಬಾಯಿ ಮುಚ್ಚಿಕೊಂಡು ಕೂರಲು ಹೇಳಿದನು. ಈಗ ಫಲಕವನ್ನು ಇಲ್ಲಿಡು."

ಅವಳು ಫಲಕವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಬಗ್ಗಿ ನೋಡಿದಳು. ತಂತಿಯ ಕಾವಿಗೆ ಎದ್ದ ಗುಳ್ಳೆಯೊಂದು ಕಾಲುವೆಯ ಅಗಲವನ್ನೆಲ್ಲ ತುಂಬಿ, ದ್ರವವನ್ನು ತಡೆದು ಕುಳಿತಿತ್ತು.

"ನೀನು ಗದರಿಸಿ ಕೇಳುವವರೆಗೂ ಅದು ಹರಿಯುತ್ತಲೇ ಇತ್ತು," ಎಂದರು ಸಿಸ್ಟರ್.

ರುಫೀನಾ ತಂತಿಯ ಕಾವು ತಗ್ಗಿಸಿದಳು.

ಆಗ ಅಲ್ಲಿದ್ದವರು: ಸಿಸ್ಟರ್ ಎಮಿಲಿಯಾನಾ, ರುಫೀನಾ, ಪ್ರಯೋಗಾಲಯವನ್ನು ಗುಡಿಸುತ್ತಿದ್ದ ಅಂತೋಣಮ್ಮ.